ರಾಗಿ ಹುಲ್ಲಿನ ಲೆಕ್ಕ

ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ಕಡೆ ಬಂದು ನೆಲೆಸಿದ್ದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮತ್ತೆ ಆಫ್ರಿಕಾದ ತಳಿಗಳನ್ನೇ ನಮ್ಮ ರಾಗಿ ಜೊತೆ ಸಂಕರ ಮಾಡಿ ಇಂಡಾಫ್ (ಇಂಡಿಯಾ-ಆಫ್ರಿಕಾ) ತಳಿಗಳನ್ನು ಕೊಟ್ಟರು. ರಾಗಿ ಹೂವು ನೋಡಿದ್ದೀರಾ? ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಮೇಲಾಗಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಜಾತಿ. ಅದರಲ್ಲಿ ಸಂಕರ ಮಾಡಿಸೋಕೆ ಎಂಥ ತಾಳ್ಮೆ ಬೇಕೋ! ಆಮೇಲೆ ಬೆಂಕಿರೋಗ ತಡೆಯುವ ಜಿಪಿಯು-28 ಅನ್ನೋ ತಳಿ ಬಂತು, ಊರೂರಿಗೂ ಹಬ್ಬಿತು.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಅಂತ ಈಗ ಬಿಸ್ಕತ್ ಪೊಟ್ಟಣಗಳೂ ಹೇಳುತ್ತವೆ. 2023ರ ಸಿರಿಧಾನ್ಯ ವರ್ಷದ ಗದ್ದಲ ಬೇರೆ. ಆದರೆ ನಮ್ಮೂರ ಕಡೆ ಹೊಸ ತಳಿ ಅಂದರೆ ಮೊದಲ ಪ್ರಶ್ನೆ, "ಹುಲ್ಲು ಎಷ್ಟ್ ಬತ್ತದೆ ಸಾರ್?" ಹಸು ಮೇದರೆ ತಾನೇ ಡೇರಿಗೆ ಹಾಲು, ಹಾಲು ಹಾಕಿದರೆ ತಾನೇ ಬಟವಾಡೆ. ರಾಗಿ ಹೇಗಿದ್ದರೂ ಮನೆ ಊಟಕ್ಕೆ.

ಅದಕ್ಕೇ, ಎಕರೆಗೆ ಎಷ್ಟು ಕ್ವಿಂಟಲ್ ಅನ್ನೋದರ ಪಕ್ಕ ಹುಲ್ಲಿಗೂ ಒಂದು ಕಾಲಂ ಇರೋ ತಳಿ ವರದಿಗಳನ್ನೇ ನಾನು ಮೊದಲು ಓದೋದು.