ಆಗ್ಸ್‌ಬರ್ಗ್‌ನ ಕಾರು, ಶಿರಾ ಗೇಟಿನ ಮೇಸ್ತ್ರಿ

ಡೀಸೆಲ್ ಎಂಜಿನ್ ಹುಟ್ಟಿದ ಊರಿನಲ್ಲಿ ಕುಳಿತು, ಡೀಸೆಲ್ ಕಾರಿನ ಕಾಯಿಲೆಗೆ ತುಮಕೂರಿನಿಂದ ಮದ್ದು ಕೇಳಿದವನು ಬಹುಶಃ ನಾನೊಬ್ಬನೇ. ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು ಜರ್ಮನಿಯ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ. ಅದೇ ಊರಿನ ಅಂಚಿನಲ್ಲಿ ಆರು ವರ್ಷಗಳಿಂದ ವಾಸವಾಗಿರುವ ನಾನು ಓಡಿಸುವುದು 2007ರ ಮಾದರಿಯ, ಎರಡು ಲಕ್ಷ ಕಿಲೋಮೀಟರ್ ದಾಟಿದ ಹಳೆಯ ಡೀಸೆಲ್ ಕಾರನ್ನು.

ಕಳೆದ ಜನವರಿಯಲ್ಲಿ ಅದು ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಹೊರಗೆ ಮೈನಸ್ ಆರು ಡಿಗ್ರಿ ಚಳಿ. ಹದಿನೈದು ಇಪ್ಪತ್ತು ಸೆಕೆಂಡು ಸೆಲ್ಫ್ ಹೊಡೆದ ಮೇಲೆ ಎಂಜಿನ್ ಕೆಮ್ಮಿ, ಬಿಳಿಯ ಹೊಗೆ ಉಗುಳಿ, ಒಂದು ನಿಮಿಷ ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ದಿನವಿಡೀ ಓಡುತ್ತಿತ್ತು. ಇಲ್ಲಿನ ದೊಡ್ಡ ವರ್ಕ್‌ಶಾಪೊಂದರಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿದರು. ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಬಿಸಿಮಾಡುವ ಹೀಟರ್ ಪ್ಲಗ್ಗುಗಳು ನಾಲ್ಕೂ ಸರಿಯಿವೆ, ಆದ್ದರಿಂದ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನೇ ಬದಲಾಯಿಸಬೇಕು, 1,900 ಯೂರೊ ಆಗುತ್ತದೆ ಎಂದು ಚೀಟಿ ಕೊಟ್ಟರು. ಅಷ್ಟು ಹಣಕ್ಕೆ ಆ ಕಾರನ್ನೇ ಯಾರೂ ಕೊಳ್ಳುವುದಿಲ್ಲ.

ಆ ರಾತ್ರಿ ನೆನಪಾದವರು ಶಿರಾ ಗೇಟಿನ ಹತ್ತಿರ ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ, ಅಪ್ಪನ ಡೀಸೆಲ್ ಜೀಪನ್ನು ಇಪ್ಪತ್ತು ವರ್ಷ ನೋಡಿಕೊಂಡ ಮೇಸ್ತ್ರಿ. ಬಿಚ್ಚಿದ ಹಳೆಯ ಸಾಮಾನನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟ ಮೇಲೆಯೇ ಅವರು ದುಡ್ಡಿನ ಮಾತೆತ್ತುತ್ತಿದ್ದರು. ಒಮ್ಮೆ ದೇವರಾಯನದುರ್ಗದ ಏರಿನಲ್ಲಿ ಜೀಪು ನಿಂತುಹೋದಾಗ, ಹೈಸ್ಕೂಲು ಹುಡುಗನಾಗಿದ್ದ ನನ್ನ ಕೈಯಲ್ಲೇ ಅವರು ಫಿಲ್ಟರ್ ಮೇಲಿನ ಪಂಪನ್ನು ಒತ್ತಿಸಿದ್ದರು. ಸಡಿಲಿಸಿದ ಸ್ಕ್ರೂ ಸುತ್ತ ಮೊದಲು ಸೋಪಿನಂತಹ ನೊರೆ ಬಂತು; ಹೆಬ್ಬೆರಳು ನೋಯುವಷ್ಟು ಒತ್ತಿದ ಮೇಲೆ ಗುಳ್ಳೆಯಿಲ್ಲದ ಡೀಸೆಲ್ ಜಿನುಗಿತು. "ಏರ್ ಹೋಯ್ತು, ಈಗ ಹೊಡಿ" ಎಂದಿದ್ದರು.

ಕಾರಿನ ಸದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳುಹಿಸಿದೆ. ಮರುದಿನ ಅವರೇ ಕರೆ ಮಾಡಿ, ಇಂಜೆಕ್ಟರ್ ಸುದ್ದಿಯನ್ನೇ ಎತ್ತದೆ, "ರಾತ್ರಿ ಗಾಡಿ ಎಲ್ಲಪ್ಪ ನಿಲ್ಲಿಸ್ತೀಯ? ಮಟ್ಟಸ ಜಾಗವೋ, ಏರೋ?" ಎಂದು ಕೇಳಿದರು. ಮನೆಯ ಮುಂದಿನ ರಸ್ತೆ ಏರು, ಕಾರಿನ ಮೂತಿ ಮೇಲಕ್ಕಿರುತ್ತದೆ ಎಂದೆ. "ಇವತ್ತು ತಿರುಗಿಸಿ ಮೂತಿ ಕೆಳಕ್ಕೆ ಮಾಡಿ ನಿಲ್ಸು. ಬೆಳಿಗ್ಗೆ ಏನಾಯ್ತು ಅಂತ ಹೇಳು. ಅಲ್ಲೀತನಕ ಒಂದು ಕಾಸೂ ಬಿಚ್ಚಬೇಡ."

ಮರುದಿನವೂ ಅಷ್ಟೇ ಚಳಿಯಿತ್ತು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಟ್ಯಾಂಕು ಹಿಂದಿರುತ್ತದೆ, ಎಂಜಿನ್ ಮುಂದಿರುತ್ತದೆ. ಪೈಪಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಸಂದು ಇದ್ದರೂ, ಮೂತಿ ಮೇಲಿದ್ದಾಗ ಅಲ್ಲಿಂದ ಗಾಳಿ ಒಳಹೊಕ್ಕು ಡೀಸೆಲ್ ರಾತ್ರಿಯಿಡೀ ನಿಧಾನವಾಗಿ ಟ್ಯಾಂಕಿಗೆ ಹಿಂದಿರುಗುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡದಿಂದ ಕಾದ ಗಾಳಿಗೆ ಸರಿಯಾದ ಹೊತ್ತಿಗೆ, ಸರಿಯಾದ ಒತ್ತಡದಲ್ಲಿ ಡೀಸೆಲ್ ಸಿಂಪಡಿಸಿದರೆ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಪೈಪಿನಲ್ಲಿ ಗಾಳಿಯಿದ್ದರೆ ಗಾಳಿಯೇ ಕುಗ್ಗುತ್ತದೆಯೇ ಹೊರತು ಒತ್ತಡ ಏರುವುದಿಲ್ಲ. ಡೀಸೆಲ್ ಚಳಿಗೆ ಗಟ್ಟಿಯಾಗಿರಬಹುದೆಂಬ ಅನುಮಾನವೂ ನನಗಿತ್ತು, ಆದರೆ ಇಲ್ಲಿ ಚಳಿಗಾಲಕ್ಕೆಂದು ಮೈನಸ್ 20 ಡಿಗ್ರಿಯವರೆಗೆ ತಡೆಯುವ ಡೀಸೆಲನ್ನೇ ಬಂಕುಗಳಲ್ಲಿ ಮಾರುತ್ತಾರೆ.

ಸಂದು ಹುಡುಕಲು ಇಲ್ಲೇ ಒಬ್ಬರು ಬೇಕಿತ್ತು. ಸಹೋದ್ಯೋಗಿಯೊಬ್ಬರು ತೋರಿಸಿದ್ದು, ಟರ್ಕಿ ಮೂಲದ ವೃದ್ಧರೊಬ್ಬರು ಒಂಟಿಯಾಗಿ ನಡೆಸುವ ಸಣ್ಣ ಗ್ಯಾರೇಜನ್ನು. ನನ್ನ ಹರಕು ಜರ್ಮನ್‌ನಲ್ಲಿ ತುಮಕೂರಿನ ಕಥೆ ಹೇಳಿದಾಗ ಅವರು ನಗಲಿಲ್ಲ. ಫಿಲ್ಟರ್ ಮತ್ತು ಪಂಪಿನ ನಡುವಿನ ಪೈಪನ್ನು ತೆಗೆದು ಗಾಜಿನಂತಹ ಪಾರದರ್ಶಕ ಪೈಪು ಹಾಕಿ, ಕಾರನ್ನು ಅಲ್ಲೇ ರಾತ್ರಿ ಬಿಟ್ಟುಹೋಗಲು ಹೇಳಿದರು. ಬೆಳಿಗ್ಗೆ ನನ್ನ ಎದುರಿಗೇ ಸೆಲ್ಫ್ ಹೊಡೆದರು: ಆ ಪೈಪಿನಲ್ಲಿ ಗುಳ್ಳೆಗಳು ಇರುವೆ ಸಾಲಿನಂತೆ ಹೊರಟವು. ಫಿಲ್ಟರ್ ಮುಚ್ಚಳದಲ್ಲಿದ್ದ ರಬ್ಬರ್ ರಿಂಗು ವಯಸ್ಸಾಗಿ ಚಪ್ಪಟೆಯಾಗಿ ಬೆಂಡಿನಂತಾಗಿತ್ತು. ಹಿಂದಿನ ಸಲ ಫಿಲ್ಟರ್ ಬದಲಾಯಿಸಿದವರು ಹಳೆಯ ರಿಂಗನ್ನೇ ಮತ್ತೆ ಕೂರಿಸಿದ್ದರು. ಹೊಸ ರಿಂಗಿಗೂ ಕೂಲಿಗೂ ಸೇರಿ 45 ಯೂರೊ ತೆಗೆದುಕೊಂಡರು. ಹಳೆಯ ರಿಂಗನ್ನು ಒರೆಸಿ ನನ್ನ ಅಂಗೈ ಮೇಲಿಟ್ಟಾಗ ಮಾತ್ರ ನನಗೆ ಶಿರಾ ಗೇಟಿನ ಶೆಡ್ಡೇ ಕಣ್ಣ ಮುಂದೆ ಬಂತು.

ಮಾರ್ಚಿನಲ್ಲಿ ಕಾರಿನ ತಪಾಸಣೆಯಿತ್ತು. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಮುಂದೆ ನಿಲ್ಲಿಸುತ್ತೇವೆ. ಇಲ್ಲಿ ಹಳೆಯ ಕಾರು ಎರಡು ವರ್ಷಕ್ಕೊಮ್ಮೆ ಬ್ರೇಕು, ಹೊಗೆ, ತುಕ್ಕು ಎಲ್ಲವನ್ನೂ ಒಪ್ಪಿಸಿ ನಂಬರ್ ಪ್ಲೇಟಿಗೆ ಹೊಸ ಮುದ್ರೆ ಪಡೆಯಬೇಕು. ತಕರಾರಿಲ್ಲದೆ ಪಾಸಾಯಿತು.

ರಿಂಗಿನ ಫೋಟೊ ನೋಡಿದ ಮೇಸ್ತ್ರಿ ಮೊದಲು ಕೇಳಿದ್ದು ಗ್ಯಾರೇಜಿನವರು ಎಷ್ಟು ತಗೊಂಡರು ಎಂದು. ಹೇಳಿದೆ. "ನ್ಯಾಯವಾಗೇ ತಗೊಂಡವ್ರೆ" ಎಂದವರು, ಆ ಪಾರದರ್ಶಕ ಪೈಪಿನ ವಿಚಾರವನ್ನು ಎರಡೆರಡು ಸಲ ಕೇಳಿದರು. ಮೇಸ್ತ್ರಿ ಬಳಸುವುದು ಗಾರೆ ಕೆಲಸದವರು ಮಟ್ಟ ನೋಡುವ ಟ್ಯೂಬನ್ನು. ಡೀಸೆಲ್ ತಾಗಿ ಅದು ಕೆಲವೇ ದಿನಗಳಲ್ಲಿ ಬಿರುಸಾಗಿ ಒಡೆಯುತ್ತದಂತೆ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಪಕ್ಕ ಎರಡು ಮೀಟರ್ ಇಂಧನದ ಪೈಪೂ ಇರುತ್ತದೆ.