ಟರ್ಕಿಯ ಬೆನ್ನೆಲುಬು ತೆಗೆಯಿರಿ

ಥ್ಯಾಂಕ್ಸ್‌ಗಿವಿಂಗ್, ಅಂದರೆ ಟರ್ಕಿ ಕೋಳಿ ಬೇಯಿಸುವ ಅಮೆರಿಕದ ನವೆಂಬರ್ ಗುರುವಾರದ ಹಬ್ಬ, ಹತ್ತಿರ ಬಂದರೆ ಸಾಕು, ಟೆಕ್ಸಸ್‌ನ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಗೊಣಗಾಟ ಶುರು. "ಟರ್ಕಿ ಸಪ್ಪೆ, ಒಣಕಲು. ಸುಮ್ನೆ ಬಿರಿಯಾನಿ ಮಾಡೋಣ." ಬಿರಿಯಾನಿಗೆ ನನ್ನ ತಕರಾರಿಲ್ಲ. ಆದರೆ ಟರ್ಕಿ ಒಣಗುವುದು ಅದನ್ನು ಇಡಿಯಾಗಿ ಬೇಯಿಸುವ ಹಟದಿಂದ. ಫೋಟೋಗೆ ಚೆಂದ, ಬಾಯಿಗಲ್ಲ.

ಎದೆ ಮಾಂಸ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಂದಂತೆ. ಅದರ ಮೇಲೆ ಹೋದಷ್ಟೂ ಒಣಗುತ್ತದೆ. ತೊಡೆ ಮೆತ್ತಗಾಗಲು 175 ಆದರೂ ಬೇಕು. ಎರಡಕ್ಕೂ ಒಂದೇ ಒಲೆ, ಒಂದೇ ಹೊತ್ತು ಅಂದರೆ ಹೇಗೆ? ಅದಕ್ಕೇ ನಾನು ಅಡುಗೆ ಕತ್ತರಿಯಲ್ಲಿ ಬೆನ್ನೆಲುಬಿನ ಎರಡೂ ಬದಿ ಕತ್ತರಿಸಿ ತೆಗೆಯುತ್ತೇನೆ. ಆಮೇಲೆ ಹಕ್ಕಿಯನ್ನು ತಿರುಗಿಸಿ, ಎದೆ ಮೇಲೆ ಬರುವಂತೆ ಇಟ್ಟು, ಎರಡೂ ಅಂಗೈ ಊರಿ ಒತ್ತಬೇಕು. ಎದೆಮೂಳೆ ಲಟಕ್ ಅನ್ನುವವರೆಗೆ. ಹಕ್ಕಿ ಚಪ್ಪಟೆಯಾದರೆ ತೊಡೆ ಹೊರಗೆ ಚಾಚಿ ಹೆಚ್ಚು ಬಿಸಿ ಹಿಡಿದು, ಎದೆಯ ಜೊತೆಗೇ ಬೇಯುತ್ತದೆ.

ಉಪ್ಪು ಹಿಂದಿನ ದಿನವೇ. 12 ಪೌಂಡ್ ಹಕ್ಕಿ ಫ್ರಿಜ್‌ನಲ್ಲಿ ಕರಗುವುದಕ್ಕೇ ಮೂರು ದಿನ ಬೇಕು, ಹಾಗಾಗಿ ಶನಿವಾರವೇ ಫ್ರೀಜರ್‌ನಿಂದ ಇಳಿಸಿ. ಕವರ್ ಮೇಲಿನ ಸಣ್ಣ ಅಕ್ಷರ ಓದಿ: ಕೆಲವಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಅಂಥದಕ್ಕೆ ಮತ್ತೆ ಉಪ್ಪು ಬೇಡ. ನಾನು ಕಾಳುಮೆಣಸು, ಬೆಳ್ಳುಳ್ಳಿ, ಸ್ವಲ್ಪ ಬ್ಯಾಡಗಿ ಪುಡಿಯನ್ನು ಬೆಣ್ಣೆಗೆ ಕಲಸಿ ಚರ್ಮದ ಅಡಿ ಸವರುತ್ತೇನೆ. ಮೇಲೆ ಏನೂ ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಚರ್ಮ ಒಣಗಿ, ಮಾರನೇ ದಿನ ಗರಿಗರಿಯಾಗುತ್ತದೆ.

ಇನ್ನು ಹೊಗೆ. ಇಲ್ಲಿನವರು ಬ್ರಿಸ್ಕೆಟ್ (ದನದ ಎದೆ ಭಾಗ) ಮಾಡಿ ಮಾಡಿ ಎಲ್ಲವನ್ನೂ 225 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಬ್ರಿಸ್ಕೆಟ್‌ನಲ್ಲಿ ಕೊಬ್ಬಿದೆ, ಕರಗಲಿ ಬಿಡಿ. ಟರ್ಕಿಯಲ್ಲಿ ಅದೆಲ್ಲಿ? ಅಷ್ಟು ಸಣ್ಣ ಉರಿಯಲ್ಲಿ ಚರ್ಮ ರಬ್ಬರ್ ಆಗುತ್ತದೆ. ನನ್ನ ವೆಬರ್ ಕೆಟಲ್ ಎಂಬ ಮುಚ್ಚಳದ ಇದ್ದಿಲು ಒಲೆಯಲ್ಲಿ ಕೆಂಡ ಒಂದು ಬದಿಗೆ, ಹಕ್ಕಿ ಇನ್ನೊಂದು ಬದಿಗೆ, ಕಾಲುಗಳು ಕೆಂಡದ ಕಡೆಗೆ. ಬಿಸಿ 325ರ ಆಸುಪಾಸು. ಕೆಳಗೊಂದು ತಟ್ಟೆ, ಗ್ರೇವಿಗೆ ರಸ ಬೀಳಲು. ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ.

ಕಟ್ಟಿಗೆ ಪೆಕಾನ್. ಅದು ಟೆಕ್ಸಸ್‌ನ ರಾಜ್ಯ ಮರ, ಗಾಳಿಗೆ ಬಿದ್ದ ಕೊಂಬೆಯನ್ನು ಪಕ್ಕದ ಮನೆಯವರೇ ಕೊಡುತ್ತಾರೆ. ಮೆಸ್ಕೀಟ್ ಬೇಡ, ಹಕ್ಕಿಗೆ ಅದರ ಘಾಟು ಜಾಸ್ತಿ. ಎರಡು ತುಂಡು ಸಾಕು, ಅದೂ ಶುರುವಿನಲ್ಲೇ: ತಣ್ಣಗೆ, ಒದ್ದೆಯಾಗಿದ್ದಾಗಲೇ ಮಾಂಸ ಹೊಗೆ ಚೆನ್ನಾಗಿ ಹಿಡಿಯುವುದು. ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕಾಯಿರಿ. ತೆಳ್ಳಗೆ ನೀಲಿಯಾದ ಮೇಲೆ ಇಡಿ. ಇಲ್ಲದಿದ್ದರೆ ಕಹಿ.

ಕೊಯ್ದಾಗ ಚರ್ಮದ ಕೆಳಗೆ ಗುಲಾಬಿ ಬಣ್ಣ ಕಾಣುತ್ತದೆ. ಊರಿಂದ ಬಂದಿದ್ದ ಅತ್ತೆ ತಟ್ಟೆ ದೂರ ತಳ್ಳಿದರು. "ಇದು ಬೆಂದಿಲ್ಲ ಕಣಮ್ಮ."

"ಬೆಂದಿದೆ ಅತ್ತೆ, ಅದು ಹೊಗೆಯ ಬಣ್ಣ." ಥರ್ಮಾಮೀಟರ್ ಚುಚ್ಚಿ ತೋರಿಸಿದೆ. ಅವರಿಗೆ ಆ ಅಂಕಿಯ ಮೇಲೆ ನಂಬಿಕೆ ಬರಲಿಲ್ಲ. ಮೊಮ್ಮಗ ಎರಡನೇ ಸಲ ಬಡಿಸಿಕೊಂಡ ಮೇಲೆ ಬಂತು.

ಬೆನ್ನೆಲುಬು, ಕತ್ತು ಎಸೆಯಬೇಡಿ. ಶುಕ್ರವಾರ ಅವುಗಳದ್ದೇ ಮೂಳೆ ಸಾರು, ಮುದ್ದೆ ಜೊತೆಗೆ. ಹೊಗೆ ಹಿಡಿದ ಮೂಳೆ ಒಂದೆರಡು ಮಾತ್ರ ಹಾಕಿ. ಜಾಸ್ತಿಯಾದರೆ ಧನಿಯಾ, ಮೆಣಸು ಯಾವುದರ ವಾಸನೆಯೂ ಮೂಗಿಗೆ ಸಿಗುವುದಿಲ್ಲ.