"ಮದುವೆಗೋಸ್ಕರ ತಾನೇ?" ಅಂತ ಕೇಳುವವರಿಗೆ

"ಮದುವೆಗೋಸ್ಕರ ತಾನೇ ಯಹೂದಿ ಆಗಿದ್ದು? ನಿಜ ಹೇಳು." ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹೌದು, ಗಂಡ ಯಹೂದಿ. ಅವನು ಸಿಗದಿದ್ದರೆ ನಾನು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಆಮೇಲೆ?

ಹೋದ ವರ್ಷ ಮೈಸೂರಿನಲ್ಲಿ ನೆಂಟರ ಮದುವೆ. ಎಲ್ಲರೂ ಊಟ ಮಾಡುತ್ತಿದ್ದಾಗ ನಾನು ಎಲೆ ಮುಂದೆ ಕೂತು ಬರೀ ಬಾಳೆಹಣ್ಣು ತಿನ್ನುತ್ತಿದ್ದೆ. ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಸರಿಹೊಂದಿದ) ಅಲ್ಲದ ಅಡುಗೆಮನೆಯ ಊಟ ನಾನು ಮಾಡುವುದಿಲ್ಲ. ಪಕ್ಕದಲ್ಲಿದ್ದ ದೂರದ ಸಂಬಂಧದ ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಿಮ್ಮ ಅತ್ತೆ ಮನೆಯವರು ಯಾರೂ ಇಲ್ಲಿಲ್ಲವಲ್ಲಮ್ಮಾ, ಸುಮ್ನೆ ತಿನ್ನು" ಅಂದರು. ಮತಾಂತರಕ್ಕೆ ಮೊದಲು ಮೂರು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಸೇರಿ ಕೂಡ ನನಗೆ ಇಷ್ಟು ಕಷ್ಟದ ಪರೀಕ್ಷೆ ಕೊಟ್ಟಿರಲಿಲ್ಲ.

ಆ ಮೂವರು ಸೇರಿದರೆ ಒಂದು ಬೇತ್ ದಿನ್, ಅಂದರೆ ಧಾರ್ಮಿಕ ನ್ಯಾಯಾಲಯ. ಯಾಕೆ ಬಂದಿರಿ ಅಂತ ಅವರೂ ಕೇಳಿದರು. "ನಮ್ಮವರು ಪಡುವ ಪಾಡು ಗೊತ್ತಿದೆ ತಾನೇ?" ಅಂದರು. ಬಂದವರನ್ನು ಹೀಗೇ ಕೇಳಬೇಕು ಅಂತ ಯಹೂದಿ ಧರ್ಮಶಾಸ್ತ್ರದ ಹಳೆಯ ಗ್ರಂಥ ತಲ್ಮೂದ್‌ನ ಯೆವಾಮೋತ್ ಭಾಗದಲ್ಲೇ ಇದೆ. ಆಮೇಲೆ ಮಾತು ಅಡುಗೆಮನೆಗೆ ಇಳಿಯಿತು. ಶುಕ್ರವಾರ ಮಾಡಿಟ್ಟ ಸಾರು ಶನಿವಾರ ಮಧ್ಯಾಹ್ನಕ್ಕೆ ತಣ್ಣಗಾಗಿದೆ, ಏನು ಮಾಡ್ತೀರಿ? "ತಣ್ಣಗೇ ಕುಡೀತೀನಿ" ಅಂದೆ. ಶನಿವಾರ ಶಬ್ಬಾತ್, ವಿಶ್ರಾಂತಿಯ ದಿನ, ಅಡುಗೆ ಮಾಡುವ ಹಾಗಿಲ್ಲ. ಆ ದಿನ ಆರಿದ ಸಾರನ್ನು ಕುದಿಸಿದರೂ ಅಡುಗೆ ಮಾಡಿದ ಲೆಕ್ಕ. ಸೊಪ್ಪಿನಲ್ಲಿ ಹುಳ ಇದೆಯಾ ಅಂತ ಹೇಗೆ ನೋಡ್ತೀರಿ? ಹುಳ ಹೊಟ್ಟೆಗೆ ಹೋಗಬಾರದು, ಅದೂ ನಿಯಮ. ನೀರಲ್ಲಿ ನೆನೆಹಾಕಿ, ಜಾಲಿಸಿ, ಎಲೆ ಎಲೆಯನ್ನೂ ಬೆಳಕಿಗೆ ಹಿಡಿದು ನೋಡ್ತೀನಿ ಅಂದೆ. ಸೊಪ್ಪು ಬಿಡಿಸುತ್ತಲೇ ಬೆಳೆದವಳು ನಾನು, ಅದರಲ್ಲಿ ಫುಲ್ ಮಾರ್ಕ್ಸ್. ಮನೆಯಿಂದ ಸಿನಗಾಗ್‌ಗೆ (ಪ್ರಾರ್ಥನಾ ಮಂದಿರಕ್ಕೆ) ನಡೆದೇ ಹೋಗಲು ಆಗುತ್ತಾ ಅಂತಲೂ ಕೇಳಿದರು, ಶಬ್ಬಾತ್ ದಿನ ಗಾಡಿ ಹತ್ತುವ ಹಾಗಿಲ್ಲವಲ್ಲ. ದೇವರ ಮಾತು ಬಂದಿದ್ದು ಕಡಿಮೆ. ನನ್ನ ಮನಸ್ಸಿನೊಳಗೆ ಇಣುಕಲು ಅವರಿಗೂ ಆಗುವುದಿಲ್ಲವಲ್ಲ.

ಮದುವೆಯ ವಿಷಯ ಅವರಿಗೇನೂ ಹೊಸದಲ್ಲ. ಹೆಣ್ಣಿಗಾಗಿ ಬಂದ ಗಂಡು, ಗಂಡಿಗಾಗಿ ಬಂದ ಹೆಣ್ಣು, ಇವರ ಮತಾಂತರ ನಡೆಯುತ್ತಾ ಅನ್ನುವ ಚರ್ಚೆಯೂ ಯೆವಾಮೋತ್‌ನಲ್ಲೇ ಇದೆ. ಮೊದಲೇ ಗೊತ್ತಾದರೆ ಸೇರಿಸಿಕೊಳ್ಳಬಾರದು, ಆಗಿಹೋಗಿದ್ದರೆ ಅವರೂ ಯಹೂದಿಗಳೇ. ಮಹಾಯಾಜಕನ ಉಡುಪಿಗೆ ಆಸೆಪಟ್ಟು ಬಂದವನೊಬ್ಬನ ಕಥೆಯೂ ತಲ್ಮೂದ್‌ನಲ್ಲಿದೆ. ಆಗಿನ ಇಬ್ಬರು ಗುರುಗಳಲ್ಲಿ ಶಮ್ಮಾಯಿ ಅವನನ್ನು ಅಳತೆಕೋಲಿನಿಂದ ತಳ್ಳಿ ಓಡಿಸಿದ. ಹಿಲ್ಲೆಲ್ ಸೇರಿಸಿಕೊಂಡ. ಬಟ್ಟೆಯ ಆಸೆಗೆ ಬಂದವನು! ನಾನು ಗಂಡನಿಗೋಸ್ಕರ ಬಂದವಳು, ನನ್ನದು ಎಷ್ಟೋ ವಾಸಿ ಅಲ್ವಾ? 16ನೇ ಶತಮಾನದ ರಬ್ಬಿ ಯೋಸೆಫ್ ಕಾರೋ ಇಂಥದ್ದನ್ನೆಲ್ಲ ನೋಡಿ, ಎಲ್ಲವೂ ನ್ಯಾಯಾಲಯದ ಕಣ್ಣಿಗೆ ಕಂಡಂತೆ ಅಂತ ಬರೆದರು.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ. ಈ ಅನುಮಾನ ಮುಗಿಯೋದು ಯಾವಾಗ?

ಪುಸ್ತಕದ ಪ್ರಕಾರ, ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಎದ್ದರೆ ಯಹೂದಿಯೇ. ಯಾವುದೋ ಲಾಭಕ್ಕೆ ಬಂದವರು ಅಂತ ಗೊತ್ತಾದರೆ ನಡತೆ ಮೇಲೆ ಕಣ್ಣಿಡಿ, ಆದರೆ ಹೊರಗೆ ಹಾಕುವ ಹಾಗಿಲ್ಲ ಅನ್ನುತ್ತಾರೆ 12ನೇ ಶತಮಾನದ ಯಹೂದಿ ಪಂಡಿತ ಮೈಮೋನಿಡೀಸ್. ಅಂಥವರು ಮತ್ತೆ ವಿಗ್ರಹಪೂಜೆಗೆ ಹೋದರೂ ದಾರಿ ತಪ್ಪಿದ ಯಹೂದಿಗಳೇ. ಬೇರೆ ಯಹೂದಿಗಳಿಗೆ ಮಾಡುವ ಹಾಗೇ, ಅವರು ಕಳೆದುಕೊಂಡ ವಸ್ತು ಸಿಕ್ಕಿದರೆ ಹಿಂದಿರುಗಿಸಲೇಬೇಕು. ಮತಾಂತರವಾದವರ ಹಳೆಯದನ್ನು ಎತ್ತಿ ಆಡಬಾರದು ಅಂತಲೂ ತಲ್ಮೂದ್‌ನಲ್ಲಿದೆ. ಅಂದರೆ ನನ್ನನ್ನು ಹೀಗೆ ಕೇಳುವ ಯಹೂದಿಗಳು ತಮ್ಮ ಧರ್ಮವನ್ನೇ ಮೀರುತ್ತಿದ್ದಾರೆ. ಅವರೂ ಕೇಳುತ್ತಾರೆ, ನಮ್ಮ ಮಾವಂದಿರು ಮಾತ್ರ ಅಲ್ಲ.

ಆಮೇಲೆ 19ನೇ ಶತಮಾನದಲ್ಲಿ ರಬ್ಬಿ ಯಿತ್ಸ್ಹಾಕ್ ಶ್ಮೆಲ್ಕೆಸ್ ಒಂದು ಕೊಕ್ಕೆ ಹಾಕಿದರು. ಬಾಯಲ್ಲಿ ಒಪ್ಪಿ ಮನಸ್ಸಲ್ಲಿ ಒಪ್ಪದಿದ್ದರೆ ಮತಾಂತರ ಆಗಿಯೇ ಇಲ್ಲ ಅಂದರು. ಆ ವಾದ ಎಲ್ಲಿಗೆ ಮುಟ್ಟಿತು ನೋಡಿ. ಇಸ್ರೇಲಿನ ಅಶ್ದೋದ್‌ನಲ್ಲಿ ಒಬ್ಬ ಹೆಂಗಸು ಡೈವೋರ್ಸ್‌ಗೆ ಅಂತ ಧಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಮತಾಂತರವಾಗಿ ಸುಮಾರು 15 ವರ್ಷ ಆಗಿತ್ತು. ಶಬ್ಬಾತ್ ಪಾಲಿಸ್ತೀಯಾ ಅಂತ ಕೇಳಿ, ನಿನ್ನ ಮತಾಂತರವೇ ಸುಳ್ಳು ಅಂದರು. ಮಕ್ಕಳೂ ಯಹೂದಿಗಳಲ್ಲ ಅಂದರು. 2008ರಲ್ಲಿ ಮೇಲಿನ ರಬ್ಬಿನಿಕಲ್ ಕೋರ್ಟ್ ಅದನ್ನೇ ಎತ್ತಿಹಿಡಿದು, ಅವಳನ್ನು ಸೇರಿಸಿಕೊಂಡಿದ್ದ ರಬ್ಬಿ ಹೈಮ್ ದ್ರುಕ್ಮನ್ ನಡೆಸಿದ್ದ ಸಾವಿರಾರು ಮತಾಂತರಗಳನ್ನೇ ಅನುಮಾನಕ್ಕೆ ತಳ್ಳಿತು. 2012ರಲ್ಲಿ ದೇಶದ ಸುಪ್ರೀಂ ಕೋರ್ಟ್ ಕಟುವಾಗಿ ಬೈದು ಆ ತೀರ್ಪನ್ನು ತಳ್ಳಿಹಾಕಿತು. ಹುಟ್ಟು ಯಹೂದಿ ನಿಷಿದ್ಧವಾದ ಸಿಗಡಿ ತಿಂದರೂ ಯಹೂದಿಯೇ, ತಿಂದ ಅಂತ ಅವನ ಯಹೂದಿತನವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ನನ್ನ ಸರ್ಟಿಫಿಕೇಟಿನ ಒಂದು ಜೆರಾಕ್ಸ್ ಅಮ್ಮನ ಬೀರುವಿನಲ್ಲಿದೆ. ಬೇಡ ಅಂದರೂ ಅಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾಳೆ.